ಅಪ್ಪನ ಓದುಗರು

ಮೇಜನ್ನು ಮೂಲೆಗೆ ತಳ್ಳುವಾಗ ಮಗಳದು ಒಂದೇ ಮಾತು. "ವೈರು ಹುಷಾರು ಕಣೋ. ಕಂಪ್ಯೂಟರ್ ಆಫಾದ್ರೆ ಅಪ್ಪನ ವೆಬ್‌ಸೈಟ್ ನಿಂತುಹೋಗುತ್ತೆ."

"ಅಪ್ಪನೇ ಇಲ್ಲ, ಇನ್ನು ಅದು ಯಾರಿಗಕ್ಕಾ?" ಎಂದ ತಮ್ಮ. ಆದರೂ ವೈರು ಮುಟ್ಟಲಿಲ್ಲ. ಖಾಲಿಯಾದ ಜಾಗದಲ್ಲಿ ಅಪ್ಪನನ್ನು ಮಲಗಿಸಿದರು. ಗಾಡಿ ಇನ್ನೂ ಬರಬೇಕಿತ್ತು.

ಅಂಗಳ ತುಂಬುತ್ತಲೇ ಇತ್ತು. ನಿವೃತ್ತ ಗುಮಾಸ್ತನೊಬ್ಬನಿಗೆ ಇಷ್ಟು ಜನ ಎಲ್ಲಿಂದ ಬಂದರೋ ಎಂದು ಅವಳಿಗೆ ಅಚ್ಚರಿ. ಒಳಗೊಳಗೇ ಹೆಮ್ಮೆ ಕೂಡ.

*

ನಿವೃತ್ತಿಯಾದವರು ಮೊಮ್ಮಕ್ಕಳನ್ನು ಆಡಿಸುತ್ತಾರೆ. ಅಪ್ಪ ಸರ್ಕಾರಿ ಟೆಂಡರುಗಳನ್ನು ಹಿಡಿದು ಕೂತ. ಯಾವ ರಸ್ತೆ, ಯಾವ ಚರಂಡಿ, ಯಾರು ಎಷ್ಟು ರೇಟು ಹಾಕಿದ್ದರು ಎಂಬುದನ್ನೆಲ್ಲ ಇಲಾಖೆ ಪ್ರಕಟಿಸುತ್ತಿತ್ತೇನೋ ನಿಜ. ಹುಡುಕಲು ಹೋದವರ ತಲೆ ಮಾತ್ರ ಕೆಟ್ಟು ಕೆರ ಹಿಡಿಯುತ್ತಿತ್ತು. ಅಪ್ಪ ಅದನ್ನೆಲ್ಲ ಬಿಡಿಸಿ ಜೋಡಿಸಿ, ಒಬ್ಬ ಕಂಟ್ರಾಕ್ಟರನ ಹೆಸರು ಒತ್ತಿದರೆ ಅವನ ಜಾತಕವೇ ಬಿಚ್ಚಿಕೊಳ್ಳುವಂತೆ ಮಾಡಿದ. ಮಗಳು ಇದ್ದ ಕೆಲಸ ಬಿಟ್ಟು ಜೊತೆಗೆ ಕೂತಳು.

ವರ್ಷಗಟ್ಟಲೆ ಒಂದು ನಾಯಿಯೂ ಅದನ್ನು ಮೂಸಿ ನೋಡಲಿಲ್ಲ. ಆಮೇಲೊಮ್ಮೆ, ಒಂದು ಟೆಂಡರಿನ ಗಡುವು ಮುಗಿಯುವ ಹೊತ್ತಿಗೆ, ಓದುಗರು ನುಗ್ಗಿ ಬಂದರು. ಆಮೇಲೆ ಪ್ರತಿ ಟೆಂಡರಿಗೂ ಹಾಗೇ.

"ನೋಡೇ, ಜನ ಎಚ್ಚೆತ್ಕೊಂಡಿದ್ದಾರೆ. ನಾನು ಹೋದ್ಮೇಲೂ ಇದನ್ನ ನಿಲ್ಲಿಸಬೇಡ." ಅಪ್ಪನ ಕಣ್ಣು ತುಂಬಿತ್ತು. ಅವಳು ಮಾತು ಕೊಟ್ಟಿದ್ದಳು.

*

ಎಲ್ಲಕ್ಕಿಂತ ದೊಡ್ಡ ಹಾರ ತಂದವನು ರಸ್ತೆ ಕಂಟ್ರಾಕ್ಟರ್.

"ನಮ್ಮ ಪಾಲಿಗೆ ದೇವರಂಥವರು, ತಾಯಿ," ಎಂದು ಮೂಗೊರೆಸಿಕೊಂಡ. "ಮೊದಲು ನಾವು ನಾವೇ ಕಚ್ಚಾಡಿ, ರೇಟು ಇಳಿಸಿ ಹಾಳಾಗ್ತಿದ್ವಿ. ಈಗ ನಿಮ್ಮಪ್ಪನವರ ವೆಬ್‌ಸೈಟಲ್ಲಿ ಯಾರು ಎಲ್ಲಿವರೆಗೆ ಇಳೀತಾರೆ ಅಂತ ಗೊತ್ತಾಗುತ್ತೆ. ಕೂತು ಮಾತಾಡಿ ಹಂಚ್ಕೊಳ್ತೀವಿ. ಈ ಸಲ ಅವನಿಗೆ, ಮುಂದಿನ ಸಲ ನನಗೆ. ಮಾತು ತಪ್ಪಿದೋನು ಅಲ್ಲೇ ಸಿಕ್ಕಿಬೀಳ್ತಾನೆ."

"ಇದು ಅಪ್ಪನಿಗೆ ಗೊತ್ತಿತ್ತಾ?"

"ಪಾಪ, ಅವರಿಗ್ಯಾಕೆ ಈ ತಲೆನೋವು ಅಂತ ಹೇಳಲಿಲ್ಲ." ಅವನು ದನಿ ತಗ್ಗಿಸಿದ. "ಇವತ್ತು ಸಂಜೆ ಸೇತುವೆ ಟೆಂಡರ್ ಮುಗಿಯುತ್ತೆ. ವೆಬ್‌ಸೈಟೊಂದು ನಿಲ್ಲದ ಹಾಗೆ ನೋಡ್ಕೊಳ್ಳಿ."

ಅವಳ ಮೈ ಉರಿಯಿತು. ಇವರು ಅಪ್ಪನ ದುಡಿಮೆಯನ್ನಷ್ಟೇ ಅಲ್ಲ, ಅಂದಿನ ಅವನ ಸಂತೋಷವನ್ನೂ ದೋಚಿದ್ದರು. ಇಬ್ಬರೂ ಮೋಸಹೋಗಿದ್ದರು, ಅಪ್ಪನೂ ತಾನೂ.

ಒಳಗೆ ಬಂದಳು. ಮೂಲೆಯ ಪರದೆಯಲ್ಲಿ ಓದುಗರ ಸಂಖ್ಯೆ ಏರುತ್ತಿತ್ತು. ಕಿಟಕಿಯಾಚೆ ಅಂಗಳದಲ್ಲಿ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು, ಕೈಯಲ್ಲಿ ಫೋನು.

"ಕೊಟ್ಟ ಮಾತು ತಪ್ತಾ ಇದ್ದೀನಪ್ಪಾ," ಎಂದು ಬಗ್ಗಿ ವೈರು ಕಿತ್ತಳು.

ಅಂಗಳದಲ್ಲಿ ಒಬ್ಬೊಬ್ಬರಾಗಿ ತಲೆ ಎತ್ತಿ ಮನೆಯ ಕಡೆ ನೋಡತೊಡಗಿದರು.