ಅಕ್ಕಡಿ ಸಾಲಿನ ಹುಳು

ಮತ್ತೋಡಿನ ಪಟೇಲ ಮುರುಗಪ್ಪ ನಮ್ಮ ಕುರಿಗಳನ್ನು ಗೋಮಾಳದಿಂದ ಎಬ್ಬಿಸಲು ಹೊರಟಿದ್ದು ಒಂದು ಹೆಸರಿನ ದೆಸೆಯಿಂದ. ಅವನ ಹೊಲಕ್ಕೆ ಕಂಬಳಿಹುಳು ಬಿದ್ದಿತ್ತು. ಮೈತುಂಬ ಕೆಂಗೂದಲಿನ ಹುಳುವಿಗೆ ಆ ಹೆಸರಿಟ್ಟವರು ಯಾರೋ. ಕಂಬಳಿ ಹೊದೆಯುವವರು ನಾವು. ಅಷ್ಟು ಸಾಕಾಯಿತು.

“ಬ್ಯಾಸಿಗ್ಯಾಗೆ ಗೊಬ್ಬರಕ್ಕಂತ ನನ್ನ ಹೊಲದಾಗೆ ಕುರಿಮಂದೆ ನಿಲ್ಲಿಸಿದ್ರಿ. ನಿಮ್ಮ ಕಂಬಳಿಯಿಂದ್ಲೇ ಉದುರ್ಯಾವೆ. ಇವತ್ತೇ ಜಾಗ ಬಿಡ್ರಿ, ಇಲ್ಲಾಂದ್ರೆ ಅಮಲ್ದಾರ್ರಿಗೆ ಬರೀತೀನಿ” ಎಂದ.

ಅಪ್ಪ ಕಾಟಯ್ಯ ಕೈಮುಗಿದು ನಿಂತಿದ್ದ. ಅದನ್ನು ನೋಡಿಯೇ ನನ್ನ ಮೈ ಉರಿಯಿತು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಒಪ್ಪಿದೆ. ಆದರೆ ಯಾವ ಪ್ರಾಣಿ ಯಾವ ಸೊಪ್ಪಿಗೆ ಬಾಯಿ ಹಾಕುತ್ತದೆ ಎಂಬುದನ್ನು ಕುರಿ ಕಾಯುವವನಿಗೆ ಯಾವ ಮೇಷ್ಟರೂ ಹೇಳಿಕೊಡಬೇಕಿಲ್ಲ.

“ಗೌಡ್ರೆ, ಮಂದೆ ನಿಂತಿದ್ದು ಹೊಲದ ತುಂಬ. ಹುಳ ಮೇದಿರೋದು ಎಲ್ಲಿ? ಬರ್ರಿ, ತೋರಿಸ್ತೀನಿ.”

“ಲೇ, ನೀನೇನು ಹುಳದ ಶ್ಯಾನುಭೋಗನೇನೋ?” ಎಂದು ನಕ್ಕರೂ ಗೋಮಾಳದ ಪಕ್ಕದಲ್ಲೇ ಇದ್ದ ಹೊಲಕ್ಕೆ ನನ್ನ ಹಿಂದೆಯೇ ಬಂದ; ಅಪ್ಪನೂ ಬಂದ.

ರಾಗಿ ಹಸಿರಾಗಿ ನಿಂತಿತ್ತು. ಅದರ ನಡುನಡುವೆ ಅಕ್ಕಡಿಯಾಗಿ ಬಿತ್ತಿದ್ದ ಅಲಸಂದೆ ಸಾಲುಗಳು ಮಾತ್ರ ಎಲೆಯ ನರವಷ್ಟೇ ಉಳಿದು ಒಣಗಿದ್ದವು. ಪಟೇಲನ ಹೆಂಡತಿ ಮರುಳಸಿದ್ದಮ್ಮ ಅಲ್ಲೇ ಕಳೆ ತೆಗೆಯುತ್ತಿದ್ದಳು. ನಾನು ಉಳಿದಿದ್ದ ಒಂದು ಅಲಸಂದೆ ಎಲೆಯನ್ನು ತಿರುವಿದೆ. ಹಿಂಬದಿಯಲ್ಲಿ ಬಿಳಿರೆಕ್ಕೆಯ ಚಿಟ್ಟೆಯೊಂದು ಮಂಕಾಗಿ ಕೂತಿತ್ತು. ಅದರ ಹೊಟ್ಟೆಯ ಕೆಳಗೆ ಗಸಗಸೆ ಸುರಿದಂತೆ ಮೊಟ್ಟೆ.

“ಇದು ಅದರ ತಾಯಿ. ಮಳೆ ಬಿದ್ದ ಮ್ಯಾಲೆ ಮಣ್ಣಿನಿಂದ ಏಳ್ತೈತೆ. ರಾಗಿ ಮ್ಯಾಲೆ ಹಾರಿ ಹೋದ್ರೂ ರಾಗಿ ಮುಟ್ಟಲ್ಲ, ಅಲಸಂದೇನೇ ಹುಡುಕ್ಕಂಡು ಬರ್ತೈತೆ. ಕಂಬಳಿ ಕಂಡೈತೇನ್ರಿ ಇದು?”

ಮರುಳಸಿದ್ದಮ್ಮ ಇನ್ನೊಂದು ಎಲೆ ತಿರುವಿದಳು. ಮತ್ತೊಂದು. “ಅಯ್ಯ ಶಿವನೇ, ಎಲ್ಲಾದ್ರಾಗೂ ಐತಲ್ರೀ! ಅಕ್ಕಡಿ ಬಿತ್ತಿದ್ದು ನಾನು. ನನ್ನೂ ಊರು ಬಿಡಿಸ್ತೀರಾ?”

ಮುರುಗಪ್ಪನ ಮುಖ ಸಣ್ಣದಾಯಿತು. ತಪ್ಪಾಯಿತು ಎನ್ನಲು ಅವನಿಗೇನು ನಾಲಗೆ ಇರಲಿಲ್ಲವೇ? ಮೀಸೆ ನೀವಿಕೊಂಡು, ದೊಡ್ಡ ಉಪಕಾರ ಮಾಡುವವನಂತೆ ಹೇಳಿದ:

“ಆಯ್ತು, ಗೋಮಾಳದಾಗೆ ಕುರಿ ಇರ್ಲಿ. ಕಂಬಳಿ ಮಾತ್ರ ಊರಗಡಿ ಆಚೆ ಬಿಟ್ಟು ಬರ್ರಿ. ಜನ ಏನಂತಾರೆ?”

ಚಿಟ್ಟೆಯನ್ನು ಕಣ್ಣಾರೆ ಕಂಡ ಮೇಲೂ! ಅಪ್ಪ ಹೆಗಲ ಮೇಲಿನ ಕಂಬಳಿಯನ್ನು ತೆಗೆದ. “ತೆಗಿಬ್ಯಾಡಪ್ಪಾ” ಎಂದು ಕೂಗಿಯೇಬಿಟ್ಟೆ.

ಅಪ್ಪ ನನ್ನತ್ತ ತಿರುಗಲಿಲ್ಲ. ನೇರವಾಗಿ ಗೋಮಾಳದ ನಡುವಿಗೆ ನಡೆದು, ಕುರಿಗಳ ಮಧ್ಯೆ ಕಂಬಳಿಯನ್ನು ಕೊಡವಿ ಅಗಲವಾಗಿ ಹಾಸಿದ. ಒಂದು ತುದಿಯಲ್ಲಿ ತಾನು ಕೂತು, ಹಿಂದೆಯೇ ಬಂದ ಮುರುಗಪ್ಪನಿಗೆ ಇನ್ನೊಂದು ತುದಿಯನ್ನು ಅಂಗೈಯಿಂದ ಸವರಿ ತೋರಿಸಿದ.

“ಕುಂತ್ಕಳ್ರಿ ಗೌಡ್ರೆ. ಒಂದು ಹುಳ ಉದುರಿದ್ರೂ ಮಂದೆ ಎಬ್ಬಿಸ್ತೀನಿ. ಉದುರಗಂಟ ಇಬ್ರೂ ಕಾಯಾಣ.”

ಹೊಲದಲ್ಲಿ ಮರುಳಸಿದ್ದಮ್ಮ ಬಿದ್ದು ಬಿದ್ದು ನಕ್ಕಳು. ಮುರುಗಪ್ಪ ಕೂರಲೂ ಇಲ್ಲ, ಹೋಗಲೂ ಇಲ್ಲ. ಕುರಿಗಳು ಅವನ ಸುತ್ತಲೂ ಮೇಯುತ್ತಲೇ ಇದ್ದವು.