ಒಂಬತ್ತನೇ ಅಂತಸ್ತಿನಿಂದ ಕಂಡ ತೂಬು

ಮೂಡಲಕೊಪ್ಪಲಿನ ಪಟೇಲ ತಿಮ್ಮಯ್ಯ ಬೊಂಬಾಯಿಗೆ ಹೆಂಡತಿ ಯಶೋದಮ್ಮನನ್ನು ಕರೆದುಕೊಂಡು ಹೋದದ್ದು ಪ್ರೀತಿಗಲ್ಲ, ಬೋರ್ಡು ಓದಲಿಕ್ಕೆ. ಬೆಲ್ಲದ ಮಂಡಿಯ ಸೇಟು ಕಾಗದ ಬರೆದು ಕರೆಸಿಕೊಂಡಿದ್ದ. ಮದ್ದೂರಿನಲ್ಲಿ ರೈಲು ಹತ್ತಿದರೆ ಆಮೇಲೆ ಎಲ್ಲೆಲ್ಲಿ ಇಳಿದು ಹತ್ತಬೇಕೆಂಬುದು ಊರಲ್ಲಿ ಯಾರಿಗೂ ತಿಳಿಯದು. ಯಶೋದಮ್ಮ ಮೈಸೂರಿನಲ್ಲಿ ಎಲ್.ಎಸ್. ಪರೀಕ್ಷೆಯವರೆಗೆ ಓದಿದವಳು, ಇಂಗ್ಲಿಷ್ ಅಕ್ಷರಕ್ಕೆ ಹೆದರುತ್ತಿರಲಿಲ್ಲ. ಮಿಕ್ಕ ಎಲ್ಲದಕ್ಕೂ ಹೆದರುತ್ತಿದ್ದಳು. ದಾರಿಯುದ್ದಕ್ಕೂ ಗಂಡ ಗೊರಕೆ ಹೊಡೆಯುತ್ತಿದ್ದರೆ ಅವಳು ಟ್ರಂಕಿನ ಮೇಲೆ ಕಾಲಿಟ್ಟುಕೊಂಡು ಸ್ಟೇಷನ್ನುಗಳ ಹೆಸರು ಓದುತ್ತ ಕೂತಿದ್ದಳು.

ಭಾನುವಾರ ಮಧ್ಯಾಹ್ನ ಸೇಟಿನ ಗುಮಾಸ್ತ ಅವರಿಬ್ಬರನ್ನೂ ಒಂದು ವಿಮಾ ಕಂಪನಿಯ ಕಟ್ಟಡದ ಮುಂದೆ ತಂದು ನಿಲ್ಲಿಸಿದ. ಒಂಬತ್ತು ಅಂತಸ್ತು. ಭಾನುವಾರ ಮಾತ್ರ, ತಲೆಗೆ ಎರಡಾಣೆ ತೆಗೆದುಕೊಂಡು, ಊರು ನೋಡಲು ಜನರನ್ನು ತುದಿಯ ತಾರಸಿಗೆ ಬಿಡುತ್ತಿದ್ದರು. ಹೋಗಲು ಕಬ್ಬಿಣದ ಸರಳಿನ ಪಂಜರದಂಥ ಲಿಫ್ಟು. ಅದು ಅಲುಗಿದ್ದೇ ತಡ, ಸರಳುಗಳ ಸಂದಿಯಲ್ಲಿ ನೆಲ ಕೆಳಕ್ಕೆ ಜಾರುವುದನ್ನು ಕಂಡು ತಿಮ್ಮಯ್ಯನ ಮುಖ ಬಿಳಿಚಿಕೊಂಡಿತು. ಮೂರನೇ ಅಂತಸ್ತಿನಲ್ಲಿ ಯಾರೋ ಇಳಿದರು. ಅವನೂ ಇಳಿದುಬಿಟ್ಟ. ಏನಾಯಿತೋ ಎಂದು ಯಶೋದಮ್ಮ ಹಿಂದೆಯೇ ಇಳಿದಳು.

"ಮ್ಯಾಲಕ್ಕೆ ಎಕ್ಕಡ ಬುಟ್ಟೇ ಓಗ್ಬೇಕೇನೋ. ನೀನು ನೋಡ್ಕಂಡು ಬಾ. ನಾನು ಎಕ್ಕಡ ಕಾಯ್ತೀನಿ," ಎಂದ.

"ಯಾರೂ ಬಿಡ್ತಾ ಇಲ್ಲವಲ್ಲ."

"ಬುಡ್ದೆ ಇದ್ರೆ ಅದು ಅವರ ಯೋಗ್ಯತೆ. ಕೊಡಿಲ್ಲಿ."

ತನ್ನದನ್ನು ಕಳಚಿ, ಅವಳದನ್ನೂ ಕಳಚಿಸಿ, ಎರಡು ಜೊತೆಯನ್ನೂ ಮುಂದಿಟ್ಟುಕೊಂಡು, ಕಂಬವನ್ನು ತಬ್ಬಿ ಮೆಟ್ಟಿಲ ಮೇಲೆ ಕೂತ.

ಯಶೋದಮ್ಮ ಬರಿಗಾಲಲ್ಲಿ ತುದಿಗೆ ಹೋದಳು. ಇಳಿಯುವ ಮೆಟ್ಟಿಲು ಎಲ್ಲಿದೆಯೆಂದು ಮೊದಲು ನೋಡಿಟ್ಟುಕೊಂಡು, ಆಮೇಲೆ ಕಂಬಿ ಹಿಡಿದಳು. ಒಂದು ಕಡೆ ಸಮುದ್ರ, ಮೂರು ಕಡೆ ಮಾಳಿಗೆಗಳು, ಮಾಳಿಗೆಗಳ ಮೇಲೆ ಒಣಹಾಕಿದ ಬಟ್ಟೆ. ಕೆಳಗಿನಿಂದ ಕೈಬೀಸುತ್ತೇನೆಂದು ಗುಮಾಸ್ತ ಹೇಳಿದ್ದ. ರಸ್ತೆಯ ಜನ ಚೆಲ್ಲಿದ ರಾಗಿಯಂತಿದ್ದರು, ಯಾವ ಕಾಳು ಕೈಬೀಸುತ್ತಿದೆಯೋ ಗೊತ್ತಾಗಲಿಲ್ಲ. ಬೇಸರವಾಗದಿರಲಿ ಎಂದು ಅವಳು ಎಲ್ಲ ಕಾಳುಗಳಿಗೂ ಸೇರಿಸಿ ಒಮ್ಮೆ ಕೈಬೀಸಿ ಇಳಿದು ಬಂದಳು.

ಊರಿಗೆ ಮರಳಿದ ಬೆಳಿಗ್ಗೆ ತಿಮ್ಮಯ್ಯ ಅರಳಿಕಟ್ಟೆಯ ಮೇಲೆ ಕೂತು ಒಂಬತ್ತೂ ಅಂತಸ್ತು ಹತ್ತಿದ. ಸಂಜೆಗೆ ಅಂತಸ್ತು ಹನ್ನೆರಡಾದವು. ನೀರಿಗೆ ಹೊರಟಿದ್ದ ಬೆಳ್ಳಮ್ಮ ಕೊಡ ಇಳಿಸಿ ಕೇಳಿದಳು:

"ಅಷ್ಟೆತ್ರ ಅತ್ತಿದ್ರಲ್ಲ ಗೌಡ್ರೇ, ನಮ್ಮೂರು ಕಾಣ್ತಾ?"

ತಿಮ್ಮಯ್ಯ ಮನೆಯ ಕಡೆ ಒಂದು ಸಲ ನೋಡಿದ. ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಯಶೋದಮ್ಮ ಮೊರದಿಂದ ತಲೆ ಎತ್ತಲಿಲ್ಲ.

"ಕಾಣ್ದೆ ಏನಮ್ಮಿ. ನಾಲೆ ಪಳಪಳ ಅಂತಿತ್ತು. ತೂಬೂ ಕಾಣ್ತು."

ಆಗ ಸುಮ್ಮನಿದ್ದದ್ದು ತಪ್ಪಾಯಿತೆಂದು ಯಶೋದಮ್ಮನಿಗೆ ಅರಿವಾದದ್ದು ನಾಲ್ಕು ದಿನದ ಮೇಲೆ, ತಿಮ್ಮಯ್ಯನ ದಾಯಾದಿ ಚಿಕ್ಕಣ್ಣ ಪಂಚಾಯಿತಿ ಸೇರಿಸಿದಾಗ. ತಾನು ನೀರು ಕಟ್ಟುವ ಸರದಿಯ ದಿನ, ಅದೇ ಭಾನುವಾರ ಮಧ್ಯಾಹ್ನ, ಕೇರಿಯ ದೇವಯ್ಯ ತೂಬು ಎತ್ತಿ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡನೆಂಬುದು ಅವನ ದೂರು.

ದೇವಯ್ಯ ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ, ಅವನಿಗೆ ಗೊತ್ತುಮಾಡಿದ ಜಾಗದಲ್ಲಿ, ಹೆಂಡತಿ ಚಿಕ್ಕನಂಜಮ್ಮನ ಜೊತೆ ನಿಂತಿದ್ದ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಒಂದು ಟಗರು.

"ಬಾನ್ವಾರ ನಾನು ಊರಲ್ಲೇ ಇರ್ನಿಲ್ಲ ಬುದ್ದಿ. ಈ ಟಗರು ತರಾಕೆ ಬಂಡೂರಿಗೆ ಓಗಿದ್ದೆ. ಇದೇ ಸಾಕ್ಸಿ."

ಐವರು ಪಂಚರೂ ಸಾಕ್ಷಿಯನ್ನು ನೋಡಿದರು. ಗಿಡ್ಡ ಕಾಲು, ಹಲಗೆಯಂಥ ಬೆನ್ನು, ತೊಡೆಯಲ್ಲಿ ಒತ್ತಿ ತುಂಬಿದ ಹಾಗೆ ಮಾಂಸ. ತಪ್ಪು ಸಾಬೀತಾದರೆ ದಂಡವಾಗಿ ಏನು ಕೇಳಬೇಕೆಂದು ಯಾರೂ ಯಾರನ್ನೂ ವಿಚಾರಿಸಬೇಕಾಗಿ ಬರಲಿಲ್ಲ. ಚಿಕ್ಕನಂಜಮ್ಮನ ಏಳು ಹೆಣ್ಣುಕುರಿಗಳಿಗೆ ಇದ್ದದ್ದು ಅದೊಂದೇ ಟಗರು. ಅದು ಪಂಚರ ಎಲೆಗೆ ಹೋದರೆ ಮುಂದಿನ ವರ್ಷ ಅವಳ ಹಟ್ಟಿಯಲ್ಲಿ ಮರಿಯಿಲ್ಲ.

ಹಿರಿಯ ಪಂಚ ಪುಟ್ಟಬೋರೇಗೌಡರು, "ಟಗರು ಮಾತಾಡಾಕಿಲ್ಲ ಕಣ್ಲಾ. ಕಣ್ಣಲ್ಲಿ ಕಂಡೋರು ಯಾರವ್ರೆ?" ಎಂದರು.

"ನಮ್ಮ ತಿಮ್ಮಣ್ಣ ಇಲ್ವಾ," ಎಂದ ಚಿಕ್ಕಣ್ಣ. "ಬಾನ್ವಾರ ಮದ್ಯಾನ್ನ ಬೊಂಬಾಯಲ್ಲಿ ನಿಂತು ನಮ್ಮ ತೂಬು ನೋಡ್ದೆ ಅಂತ ಅವನೇ ಯೋಳವ್ನೆ. ತೂಬು ಕಂಡೋನ್ಗೆ ತೂಬು ಎತ್ತಿದೋನು ಕಾಣಾಕಿಲ್ವಾ?"

ತಿಮ್ಮಯ್ಯ ರುಮಾಲು ಸರಿಮಾಡಿಕೊಂಡ. ಇಲ್ಲ ಎಂದರೆ ಹನ್ನೆರಡು ಅಂತಸ್ತೂ ಒಟ್ಟಿಗೆ ಕುಸಿಯುತ್ತಿದ್ದವು.

"ಯಾರೋ ಒಬ್ಬ ಬಗ್ಗಿದ್ದ," ಎಂದ. "ಕರ್ರಗಿದ್ದ."

"ದೇವಯ್ಯನೇ ಸೈ," ಎಂದರು ಪಂಚರು. ಊರಲ್ಲಿ ಬೆಳ್ಳಗಿದ್ದವರು ಒಬ್ಬರೂ ಇಲ್ಲವೆಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ಒಬ್ಬರು ಪಕ್ಕದವರ ಕಿವಿಯಲ್ಲಿ, "ಕೊತ್ತುಂಬ್ರಿಗೆ ಮಳವಳ್ಳಿ ಸಂತೆಗೇ ಓಗ್ಬೇಕು," ಎಂದದ್ದು ಎಲ್ಲರಿಗೂ ಕೇಳಿಸಿತು.

"ಪಟೇಲಮ್ಮಾರೂ ಅಲ್ಲೇ ಇದ್ರಲ್ಲ ಬುದ್ದಿ," ಎಂದಳು ಚಿಕ್ಕನಂಜಮ್ಮ. "ಅವರ್ನೂ ಒಂದು ಮಾತು ಕೇಳಿ."

ಯಶೋದಮ್ಮ ಕಟ್ಟೆಯೆದುರಿನ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು. ಎಕ್ಕಡದ ವಿಷಯ ಹೇಳಿದರೆ ಗಂಡ ಈ ಕಟ್ಟೆಯ ಮೇಲೆ ಮತ್ತೆಂದೂ ಕೂರಲಾರ, ಮನೆಯಲ್ಲಿ ತನ್ನನ್ನೂ ನೆಮ್ಮದಿಯಾಗಿ ಕೂರಲು ಬಿಡಲಾರ. ಸುಮ್ಮನಿದ್ದರೆ ಟಗರು ಹೋಗುತ್ತದೆ. ಸುಳ್ಳೂ ಆಗದ, ಗಂಡನನ್ನು ಸುಳ್ಳನೆಂದೂ ಅನ್ನದ ಮಾತಿಗಾಗಿ ಹುಡುಕಿದಳು. ಹುಡುಕುತ್ತ ಪಂಚರ ಮುಖಗಳನ್ನು ನೋಡಿದಳು. ಐದೂ ಮುಖದಲ್ಲಿ ಹಸಿವೆಯೇ ಇತ್ತು. ಹಸಿವೆಗೆ ಇನ್ನೊಂದು ದೊಡ್ಡ ಎಲೆ ಹಾಸಿದರೆ?

"ಇವರು ಕಂಡದ್ದು ನನಗೆ ಕಾಣಲಿಲ್ಲ. ನನ್ನ ಕಣ್ಣಿನ ಶಕ್ತಿ ಅಷ್ಟೇ," ಎಂದಳು. "ಆದರೆ ದೂರದ ಸಾಕ್ಷಿ ನೋಡಿ. ದೊಡ್ಡ ಕೋರ್ಟಿನಲ್ಲಿ ಹೀಗಾದರೆ ಜಡ್ಜಿಯೇ ಆ ಜಾಗಕ್ಕೆ ಹೋಗಿ ನಿಂತು, ಕಾಣ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡೋದುಂಟಂತೆ. ಪಂಚರು ಐವರೂ ಒಂದು ಸಲ ಬೊಂಬಾಯಿಗೆ ಹೋಗಿ ಹತ್ತಿ ನೋಡಿಬಿಟ್ಟರೆ ಯಾರೂ ಬೆರಳು ಮಾಡೋ ಹಾಗಿರೋಲ್ಲ. ಇವರೇ ಮುಂದೆ ನಿಂತು ತೋರಿಸ್ತಾರೆ. ಖರ್ಚು ದೂರು ಕೊಟ್ಟವರದ್ದು."

"ನಂದಾ?" ಎಂದ ಚಿಕ್ಕಣ್ಣ.

"ನ್ಯಾಯ ಅಂದ್ರೆ ಸುಮ್ಕೆ ಆದದಾ?" ಎಂದರು ಪುಟ್ಟಬೋರೇಗೌಡರು. ಅವರ ದೃಷ್ಟಿ ಆಗಲೇ ಟಗರನ್ನು ದಾಟಿ ಹೋಗಿತ್ತು.

"ಅಲ್ಲಿ ಇಟ್ಟು ಸಿಕ್ಕಾಕಿಲ್ಲ. ರಾಗಿ ಕಟ್ಕಂಡೇ ಓಗ್ಬೇಕು," ಎಂದರು ಒಬ್ಬರು.

"ನಮ್ಮ ಮನೆಯೋಳೂ ಬತ್ತೀನಿ ಅಂತಾಳೇನೋ," ಎಂದರು ಇನ್ನೊಬ್ಬರು, ಈಗಲೇ ನೊಂದುಕೊಂಡು.

"ತಿಮ್ಮಣ್ಣ, ಆ ಲಿಪ್ಟು ಆರು ಜನಾನೂ ಇಡೀತದಾ?" ಎಂದು ಪುಟ್ಟಬೋರೇಗೌಡರು ಕೇಳಿದರು. "ನಮ್ಗೆ ಒಸದು. ಮೊದ್ಲು ನೀನು ಅತ್ತು, ನಿನ್ನಿಂದೆ ನಾವು. ತುದೀಲಿ ನಮ್ಮ ಕೈ ಬುಡಬ್ಯಾಡ ಕಣಪ್ಪ."

ತಿಮ್ಮಯ್ಯ ನೆಲದಿಂದ ಮೂರಡಿ ಎತ್ತರದ ಕಟ್ಟೆಯ ಮೇಲೆ ಕೂತಿದ್ದ. ಆದರೂ ಅವನ ಕೈ ಹಿಂದಕ್ಕೆ ಹೋಗಿ ಅರಳಿಮರವನ್ನು ಹಿಡಿದುಕೊಂಡಿತು.

"ಮಂಜಿತ್ತು," ಎಂದ.

"ಏನಂದೆ?"

"ಅವತ್ತು ಮಂಜಿತ್ತು ಅಂದೆ."

"ಮದ್ಯಾನ್ನದಲ್ಲಾ?"

"ಸಮುದ್ರದ ಮಂಜು. ಅದ್ಕೆ ಒತ್ತುಗೊತ್ತಿಲ್ಲ. ಬಗ್ಗಿದ್ದುದು ಮನ್ಸನೋ ಎಮ್ಮೆಯೋ, ಎದೆ ಮುಟ್ಕಂಡು ನಾನು ಯೋಳ್ನಾರೆ."

ಪಂಚರ ಪಾಲಿಗೆ ಬೊಂಬಾಯಿ ಹೋಯಿತು, ಅದರ ಹಿಂದೆಯೇ ಟಗರೂ ಹೋಯಿತು. ಚಿಕ್ಕಣ್ಣ ಬಾಯಿ ತೆರೆಯಲು ನೋಡಿದ. ಪುಟ್ಟಬೋರೇಗೌಡರು ಅವನ ಮೇಲೆಯೇ ಸಿಟ್ಟು ತೀರಿಸಿಕೊಂಡರು: "ಎಮ್ಮೆಗೆ ದಂಡ ಆಕಾಕಾದದಾ? ಕುಂತ್ಕೊ. ಓಗ್ಲಾ ದೇವಯ್ಯ, ಟಗರು ಇಡ್ಕಂಡೋಗು."

ದೇವಯ್ಯ ಎರಡನೆಯ ಮಾತಿಗೆ ಕಾಯಲಿಲ್ಲ. ಚಿಕ್ಕನಂಜಮ್ಮ ಹಿಂದಿನಿಂದ ಟಗರನ್ನು ತಳ್ಳುತ್ತಲೇ ಹೋದಳು. ಅವರು ಕೇರಿಯ ತಿರುವು ದಾಟುವವರೆಗೂ ಪಂಚರು ನೋಡುತ್ತಿದ್ದರು.

"ಓಗ್ಲಿ, ಸಮುದ್ರನಾದ್ರೂ ಕಂಡ್ಯಾ ತಿಮ್ಮಣ್ಣ," ಎಂದರು ಪುಟ್ಟಬೋರೇಗೌಡರು, "ಇಲ್ಲ ಅದೂ ಮಂಜೇಯಾ?"

ತಿಮ್ಮಯ್ಯ ಕಟ್ಟೆಯ ಕೆಳಗೆ ಬಿಟ್ಟಿದ್ದ ಎಕ್ಕಡಕ್ಕೆ ಕಾಲು ಚಾಚಿದ.

"ಅದ್ನ ಅವಳ್ನೇ ಕೇಳಿ," ಎಂದ.

ಐದು ಮುಖಗಳೂ ಬಾಗಿಲ ಕಡೆ ತಿರುಗಿದವು. ಎಷ್ಟು ಹೇಳಿದರೆ ಎಷ್ಟಕ್ಕೆ ಹೋಗಿ ಮುಟ್ಟೀತು ಎಂದು ಯಶೋದಮ್ಮ ಒಂದು ಗಳಿಗೆ ಯೋಚಿಸಿದಳು.

"ಕಂಡಿತು," ಎಂದಳು.