ಇನ್ನೊಬ್ಬರ ರಿಪೋರ್ಟು

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಆಫೀಸಿನಲ್ಲಿ ಶಿವಾನಿ ಊಟದ ಡಬ್ಬಿ ಬಿಚ್ಚುವಾಗ ಫೋನು ಬಂತು. ವಿಜಯನಗರದ ಒಂದು ಲ್ಯಾಬಿಗೆ ವೆಬ್‌ಸೈಟ್ ಬರೆದುಕೊಟ್ಟವಳು ಅವಳೇ. ಅಲ್ಲಿನವರು "ಸಾಫ್ಟ್‌ವೇರ್‌ನವರನ್ನೇ ಕೇಳಿ" ಎಂದು ಅವಳ ನಂಬರು ಕೊಟ್ಟು ಕೈತೊಳೆದುಕೊಂಡಿದ್ದರು.

"ಮೇಡಂ, ನಾನು ಬಸವರಾಜೇಶ್ವರಿ ಅಂತ. ನಮ್ಮ ಯಜಮಾನ್ರು ಕೊಟ್ರೇಶ್, ಕತ್ತಿನ ಗಂಟಿಗೆ ಟೆಸ್ಟ್ ಮಾಡಿಸಿದ್ರು. ಬೆಳಿಗ್ಗೆ ಮೊಬೈಲಲ್ಲಿ ರಿಪೋರ್ಟ್ ನೋಡಿ, ಕ್ಯಾನ್ಸರ್ ಅಂತೆ ಅಂದವ್ರೇ ಎದ್ದು ಹೋದ್ರು. ಫೋನ್ ಆಫ್ ಆಗಿದೆ. ಈಗ ನಾನು ನನ್ನ ಫೋನಲ್ಲಿ ಅದೇ ಪೇಜ್ ತೆಗೆದ್ರೆ ಏನೂ ತೊಂದರೆ ಇಲ್ಲ ಅಂತಿದೆ! ಯಾವುದು ನಿಜ ಮೇಡಂ?"

ಶಿವಾನಿ ಡೇಟಾಬೇಸ್ ತೆರೆದಳು. ಕೊಟ್ರೇಶ್ ಅವರ ರಿಪೋರ್ಟಿನಲ್ಲಿ ಕ್ಯಾನ್ಸರಿನ ಸುಳಿವೇ ಇರಲಿಲ್ಲ.

"ನೀವು ನೋಡಿದ್ದೇ ನಿಜ ಅಮ್ಮ. ಅವ್ರಿಗೆ ಏನೂ ಆಗಿಲ್ಲ. ತಪ್ಪು ನಮ್ಮದು. ಮೊದ್ಲು ಅವ್ರನ್ನ ಹುಡುಕಿ, ನಾನೂ ಫೋನ್ ಮಾಡ್ತಾ ಇರ್ತೀನಿ."

ತಪ್ಪು ಎಲ್ಲಿದೆ ಎಂದು ಹುಡುಕಲು ಹೊತ್ತು ಹಿಡಿಯಲಿಲ್ಲ. ಸೈಟಿಗೆ ಬಂದವರು ಯಾರು ಎಂದು ಗುರುತು ಹೇಳುವುದು ಅವರ ಬ್ರೌಸರ್ ಕಳಿಸುವ ಕುಕೀ ಎಂಬ ಪುಟ್ಟ ಗುರುತಿನ ಚೀಟಿ. ಅದನ್ನು ಓದಿ, ಪುಟವನ್ನು ಸರ್ವರಿನಲ್ಲೇ ಸಿದ್ಧಮಾಡಿ ಕಳಿಸುವಂತೆ ಅವಳು ಬರೆದಿದ್ದಳು. ಓದಿದ ಕುಕೀಯನ್ನು ಬಂದವರಿಗೆಲ್ಲ ಬೇರೆಬೇರೆಯಾಗಿ ಇಡಬೇಕಿತ್ತು. ಅವಳು ಎಲ್ಲರಿಗೂ ಸೇರಿ ಒಂದೇ ಜಾಗದಲ್ಲಿ ಇಟ್ಟಿದ್ದಳು. ಕೊಟ್ರೇಶ್ ಅವರ ಹೆಸರು ಪುಟಕ್ಕೆ ಬಿದ್ದು, ರಿಪೋರ್ಟ್ ಬರುವಷ್ಟರಲ್ಲಿ ಇನ್ನೊಬ್ಬರು ಸೈಟಿಗೆ ಬಂದಿದ್ದಾರೆ, ಅವರ ಕುಕೀ ಇವರದರ ಮೇಲೆ ಕೂತಿದೆ. ಹೆಸರು ಇವರದು, ರಿಪೋರ್ಟು ಅವರದು. ಒಬ್ಬಳೇ ಕೂತು ಪರೀಕ್ಷಿಸಿದಾಗ ಇದು ಕಣ್ಣಿಗೆ ಬೀಳುವುದಾದರೂ ಹೇಗೆ?

ಯಾರನ್ನೂ ಕೇಳದೆ ಸೈಟ್ ನಿಲ್ಲಿಸಿದಳು. ಅವಳ ಕಂಪನಿಯ ಮಾಲೀಕ ಗಿರಿರಾಜ್ ಓಡಿಬಂದ.

"ಏನ್ ಮಾಡ್ದೆ? ಲ್ಯಾಬಿನವ್ರು ಕೂಗಾಡ್ತಾ ಇದಾರೆ!"

"ಸಾರ್, ಒಬ್ಬರ ರಿಪೋರ್ಟ್ ಇನ್ನೊಬ್ಬರಿಗೆ ಹೋಗಿದೆ. ಆ ಮನುಷ್ಯ ಕಾಣೆಯಾಗಿದ್ದಾರೆ."

ಗಿರಿರಾಜ್ ಬಾಗಿಲು ಮುಚ್ಚಿದ. "ಯಾರಿಗೂ ಏನೂ ಹೇಳ್ಬೇಡ. ಲಾಯರ್ ಹತ್ರ ಮಾತಾಡ್ತೀನಿ."

ಅವಳು ಕೊಟ್ರೇಶ್ ಅವರ ನಂಬರು ಒತ್ತುತ್ತಲೇ ಇದ್ದಳು. ಸ್ವಿಚ್ ಆಫ್. ಮತ್ತೆ ಸ್ವಿಚ್ ಆಫ್. ದೇವರೇ, ಈ ಮನುಷ್ಯ ಏನೂ ಮಾಡಿಕೊಳ್ಳದಿರಲಿ ಎಂದು ಬಾಯೊಳಗೇ ಗೊಣಗಿದಳು. ಡಬ್ಬಿಯ ಅನ್ನ ಗಟ್ಟಿಯಾಯಿತು. ಕೊನೆಗೆ ಬಸವರಾಜೇಶ್ವರಿಯೇ ಫೋನು ಮಾಡಿದರು. ಆ ಕಡೆ ಬರೀ ಅಳು.

"ಸಿಕ್ಕಿದ್ರು ಮೇಡಂ. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ ಮೆಟ್ಟಿಲ ಮೇಲೆ ಕೂತಿದ್ರು."

ಪಕ್ಕದಿಂದ ಗಂಡಸಿನ ದನಿ ಕೇಳಿತು: "ಆ ಸಾಫ್ಟ್‌ವೇರ್‌ನವ್ಳಿಗೆ ಹೇಳು, ನನ್ನ ಮಗಳಿಗೆ ಏನೇನೋ ಮೆಸೇಜ್ ಮಾಡ್ಬಿಟ್ಟಿದೀನಿ ನಾನು."

ಶಿವಾನಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಆದರೆ ಅಳು ಪೂರ್ತಿ ಮುಗಿಯುವ ಮೊದಲೇ ತಟ್ಟನೆ ಎದ್ದು ಕೂತಳು. ಹಾಗಾದರೆ ಆ ಕ್ಯಾನ್ಸರ್ ಯಾರದು?

ಸರ್ವರಿನ ದಾಖಲೆ ತೆಗೆದಳು. ಲತಾ, ದೀಪಾಂಜಲಿ ನಗರ. ಅವರ ಬೆನ್ನಿಗೇ ಮತ್ತೊಬ್ಬರು ಸೈಟಿಗೆ ಬಂದಿದ್ದರು. ಲತಾ ನೋಡಿದ್ದು ಆ ಮೂರನೆಯವರ ರಿಪೋರ್ಟು. ಅದರಲ್ಲಿ ಎಲ್ಲ ಸರಿಯಾಗಿತ್ತು.

"ನೀನು ಫೋನ್ ಮಾಡ್ಬೇಡ ಶಿವಾನಿ," ಎಂದ ಗಿರಿರಾಜ್. "ನಾಳೆ ಲ್ಯಾಬಿನವ್ರೇ ನೋಡ್ಕೊಳ್ತಾರೆ."

ಅವಳು ಆಗಲೇ ನಂಬರು ಒತ್ತಿದ್ದಳು. ಅತ್ತ ಕಡೆ ಗಲಗಲ ಮಾತು, ಒಗ್ಗರಣೆಯ ಚಟಪಟ.

"ಲ್ಯಾಬಿಂದಾನಾ? ತುಂಬಾ ಥ್ಯಾಂಕ್ಸ್ ರೀ. ಈಗಷ್ಟೇ ದೊಡ್ಡಾಸ್ಪತ್ರೆಗೆ ಫೋನ್ ಮಾಡಿ, ಇನ್ನು ಬರಲ್ಲ ಅಂತ ಹೇಳ್ಬಿಟ್ಟೆ!"

"ಮೇಡಂ... ನೀವು ಬೆಳಿಗ್ಗೆ ನೋಡಿದ್ದು ನಿಮ್ಮ ರಿಪೋರ್ಟ್ ಅಲ್ಲ. ನಮ್ಮಿಂದ ತಪ್ಪಾಗಿದೆ. ಇವತ್ತೇ ಲ್ಯಾಬಿಗೆ ಬರ್ಬೇಕು ನೀವು."

ಒಗ್ಗರಣೆಯ ಸದ್ದು ನಿಂತಿತು. ಒಲೆ ಆರಿಸಿರಬೇಕು.

"ನನ್ನದರಲ್ಲಿ ಏನಿದೆ?"

"ಡಾಕ್ಟರ್ ಹೇಳ್ತಾರೆ ಮೇಡಂ."

"ಚೆನ್ನಾಗಿದ್ದಿದ್ರೆ ನೀವೇ ಹೇಳ್ತಿದ್ರಿ, ಅಲ್ವಾ?"

ಶಿವಾನಿ ಫೋನು ಕಿವಿಗೊತ್ತಿಕೊಂಡೇ ಎದ್ದು ನಿಂತಳು.

"ಮನೇಲಿ ಎಲ್ರೂ ನಗ್ತಾ ಇದಾರೆ," ಎಂದರು ಲತಾ ಮೆಲ್ಲಗೆ. "ನಾನೊಬ್ಬಳೇ ಹೇಗೆ ಬರ್ಲಿ?"

"ನಾನು ಬರ್ತೀನಿ. ಅಡ್ರೆಸ್ ಹೇಳಿ."

ಗಿರಿರಾಜ್ ಕೂಗುತ್ತಲೇ ಇದ್ದ. ಶಿವಾನಿ ಚೀಲ ಹೆಗಲಿಗೇರಿಸಿ ಹೊರಬಂದು, ಎದುರಾದ ಮೊದಲ ಆಟೋಗೆ ಕೈ ಅಡ್ಡ ಹಿಡಿದಳು.